ಬಾವಿಯ ಮೀಸೆಯವನಿಗೆ ಮೊದಲ ತುತ್ತು

ನಿಮ್ಮ ಮನೆಯಲ್ಲಿ ನೀರು ಕುಡಿಯುವ ಮೊದಲು ಯಾರ ಅಪ್ಪಣೆ ಕೇಳುತ್ತೀರಿ? ಯಾರದ್ದೂ ಇಲ್ಲವಾ? ಹಾಗಾದರೆ ನೀವು ನನಗಿಂತ ಧೈರ್ಯಸ್ಥರು. ನಮ್ಮ ಮನೆಯಲ್ಲಿ ಅದಕ್ಕೊಬ್ಬ ಯಜಮಾನನಿದ್ದಾನೆ. ಅವನಿಗೆ ಕೈಯಿಲ್ಲ, ಕಾಲಿಲ್ಲ, ಮೀಸೆ ಮಾತ್ರ ಉಂಟು.

ಲಾಯಿಲದಲ್ಲಿ ನಮ್ಮ ಮನೆ. ಬೆಳ್ತಂಗಡಿ ಪೇಟೆಗೆ ನಡೆದೇ ಹೋಗಬಹುದು, ಆದರೆ ಈಗ ಯಾರೂ ನಡೆಯುವುದಿಲ್ಲ. ಅಂಗಳದ ಮೂಲೆಯಲ್ಲಿ ಮುರಕಲ್ಲಿನ ಬಾವಿ. ಆ ಬಾವಿಯೊಳಗೆ ಒಂದು ಮುಗುಡು ಮೀನು. ಮೂತಿಯ ಎರಡೂ ಬದಿಗೆ ಉದ್ದುದ್ದ ಮೀಸೆ, ಕಪ್ಪು ಮೈ, ಚಪ್ಪಟೆ ತಲೆ. ಚಂದ ಅಂತ ಯಾರೂ ಹೇಳಲಾರರು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ನೋಡಿದ ಮಕ್ಕಳು ಅತ್ತಾರು. ಆದರೆ ನಮ್ಮ ಕಡೆ ಬಾವಿಗೆ ಮೀನು ಬಿಡುವುದು ಚಂದಕ್ಕಲ್ಲ. ಹುಳ ತಿನ್ನಲಿ, ಸೊಳ್ಳೆಯ ಮರಿ ತಿನ್ನಲಿ ಅಂತ ಒಂದು ಕಾರಣ. ಇನ್ನೊಂದು, ನೀರು ಕೆಟ್ಟರೆ ನಮಗಿಂತ ಮೊದಲು ಅದಕ್ಕೆ ಗೊತ್ತಾಗುತ್ತದೆ.

ನಮ್ಮ ಮನೆಯಲ್ಲಿ ಇದಕ್ಕೊಂದು ಕ್ರಮವೇ ಉಂಟು. ನನ್ನ ಅತ್ತೆಯ ಕಾಲದ್ದು. ಮನೆಗೆ ಹೊಸಬರು ಯಾರೇ ಬರಲಿ, ಮದುವೆಯಾಗಿ ಬಂದ ಸೊಸೆಯಾಗಲಿ, ಹುಟ್ಟಿ ಬಂದ ಮಗುವಾಗಲಿ, ಅವರ ಮೊದಲ ಅನ್ನ ಈ ಬಾವಿಯ ನೀರಿನಲ್ಲೇ ಬೇಯಬೇಕು. ಬೆಂದ ಅನ್ನದ ಮೊದಲ ತುತ್ತು ಬಾವಿಗೆ. ಮೀನು ಮೇಲೆ ಬಂದು ತಿಂದ ಮೇಲೆ ಮನುಷ್ಯರಿಗೆ. ನಾನು ಮದುವೆಯಾಗಿ ಬಂದ ದಿನ ಹಸಿವಿನಿಂದ ಕಣ್ಣು ಕತ್ತಲೆ ಬರುತ್ತಿತ್ತು. ಅತ್ತೆ ನನ್ನನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಕೈಗೆ ಅನ್ನ ಕೊಟ್ಟರು. ಆಗಿನ ಮೀನಿಗೆ ಭಾರೀ ಜಂಬ. ಅದು ಸುತ್ತು ಹಾಕಿ, ಮೂಸಿ ನೋಡಿ, ಯೋಚನೆ ಮಾಡಿ ಬಾಯಿ ತೆರೆಯುವಷ್ಟರಲ್ಲಿ ನಾನು ತವರಿಗೆ ವಾಪಸು ಹೋಗುವ ಬಸ್ಸು ಯಾವಾಗ ಅಂತ ನೆನಪು ಮಾಡಿಕೊಳ್ಳುತ್ತಿದ್ದೆ.

ಈಗ ಇರುವುದು ನಮ್ಮವರು, ಅಂದರೆ ನನ್ನ ಗಂಡ, ತಂದು ಬಿಟ್ಟದ್ದು. ಮಗನ ಮದುವೆಯ ವರ್ಷ ಹಳೆಯ ಮೀನು ಸತ್ತುಹೋಯಿತು. ಸೊಸೆ ಮನೆಗೆ ಬರುವಾಗ ಬಾವಿ ಖಾಲಿ ಇರಬಾರದೆಂದು ಅವರು ಗದ್ದೆಯ ತೋಡಿನಿಂದ ಇದನ್ನು ಕೊಡಪಾನದಲ್ಲಿ ಹಿಡಿದು ತಂದರು. ಆಗ ಬೆರಳಿನಷ್ಟು ಇತ್ತು. ನಾನು ಬಗ್ಗಿ ನೋಡಿ, "ಇದೆಂಥ ಮಾರಾಯ್ರೆ, ನಿಮ್ಮದೇ ಮೀಸೆ!" ಅಂದಿದ್ದೆ. ಅವರು ಮೀಸೆಯ ಮೇಲೆ ಕೈಯಾಡಿಸಿ ನಕ್ಕಿದ್ದರು. ಆಮೇಲೆ ಅವರು ತೀರಿಹೋದರು. ಮೀಸೆ ಬಾವಿಯಲ್ಲಿ ಉಳಿಯಿತು.

ದಿನಾ ಬೆಳಿಗ್ಗೆ ನಾನು ಒಂದು ಮುಷ್ಟಿ ಕುಚ್ಚಲಕ್ಕಿ ಅನ್ನ ಹಿಡಿದು ಕಟ್ಟೆಗೆ ಹೋಗುತ್ತೇನೆ. ಬೈಗುಳದಿಂದಲೇ ಶುರು. "ಎದ್ದೆಯಾ? ಬಿಸಿಲು ನೆತ್ತಿಗೆ ಬಂತು." ಅವನು ಕೆಳಗಿನಿಂದ ನಿಧಾನಕ್ಕೆ ಏಳುತ್ತಾನೆ. ಮೊದಲು ಮೀಸೆ, ಆಮೇಲೆ ಬಾಯಿ. ಗುಳಕ್ ಅಂತ ಒಂದು ಶಬ್ದ, ಅನ್ನ ಮಾಯ. ಆ ಗುಳಕ್ ಕೇಳಿದ ಮೇಲೆಯೇ ನನ್ನ ಚಹಾ.

ಈ ಬೇಸಿಗೆಯಲ್ಲಿ ಸೊಸೆ ಬಾಣಂತನ ಮುಗಿಸಿ ಮೂಡಬಿದ್ರೆಯ ತವರಿನಿಂದ ಮಗುವನ್ನು ಎತ್ತಿಕೊಂಡು ಬಂದಳು. ಗಂಡು ಮಗು. ಅವನಿಗೂ ಹಲ್ಲಿಲ್ಲ, ನನಗೂ ಅರ್ಧ ಇಲ್ಲ, ಹಾಗಾಗಿ ನಮ್ಮಿಬ್ಬರಿಗೆ ಒಳ್ಳೆಯ ಹೊಂದಾಣಿಕೆ. ಸೊಸೆ ಮಿಜಾರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವವಳು. ಈಗ ರಜೆಯಲ್ಲಿದ್ದಾಳೆ. ಮೊಬೈಲಿನಲ್ಲಿ ಹೀಗೆ ಕನ್ನಡ ಕುಟ್ಟುವುದನ್ನು ಅವಳೇ ನನಗೆ ಕಲಿಸಿದ್ದು. ಕಲಿಸಿದ್ದಕ್ಕೆ ಈಗ ಅವಳೂ ಪಶ್ಚಾತ್ತಾಪಪಡುತ್ತಿದ್ದಾಳೆ, ಯಾಕೆಂದರೆ ಅವಳು ಒಳಗಿನ ಕೋಣೆಯಲ್ಲಿದ್ದರೂ ನಾನು ಅಡುಗೆಮನೆಯಿಂದ ಮೆಸೇಜು ಹಾಕಿ ಉಪ್ಪು ಎಲ್ಲಿ ಅಂತ ಕೇಳುತ್ತೇನೆ.

ಮಗುವಿಗೆ ಮೊದಲ ಅನ್ನ ಉಣಿಸುವುದು ಬುಧವಾರ ಅಂತ ನಿಶ್ಚಯವಾಯಿತು. ಅದರ ಹಿಂದಿನ ವಾರ ಮನೆಯಲ್ಲಿ ಎಲ್ಲವೂ ಗಡಿಬಿಡಿ. ಮಗು ಬಂದ ಮೇಲೆ ವಾಷಿಂಗ್ ಮೆಷಿನ್ನಿಗೆ ಪುರುಸೊತ್ತಿಲ್ಲ, ಟಾಂಕಿಯಲ್ಲಿ ನೀರು ನಿಲ್ಲುವುದಿಲ್ಲ. ಬಾವಿಯ ಒಳಗಿನ ಮೆಟ್ಟಿಲಿನಲ್ಲಿ ಕೂತಿದ್ದ ಹಳೆಯ ಪಂಪು ಕೆಮ್ಮಿ ಕೆಮ್ಮಿ ಕೊನೆಯುಸಿರು ಬಿಟ್ಟಿತು. ಮಗ ಬಂಟ್ವಾಳದಲ್ಲಿ ಆಫೀಸಿಗೆ ಹೋಗುವವನು. ಅಲ್ಲಿಂದಲೇ ಒಂದು ದೊಡ್ಡ ಪಂಪು ತಂದು ಫಿಟ್ಟರನನ್ನು ಕರೆದುಕೊಂಡು ಬಂದ. ಟಾಂಕಿ ಇಳಿದರೆ ತಾನಾಗಿಯೇ ಶುರುವಾಗುವ, ತುಂಬಿದರೆ ತಾನಾಗಿಯೇ ನಿಲ್ಲುವ ಪಂಪು. ಹಳೆಯದರ ಅಡಿಯಲ್ಲಿ ನಮ್ಮವರು ಹಾಕಿದ್ದ ಒಂದು ದಪ್ಪ ಹಲಗೆ ಇತ್ತು. ಫಿಟ್ಟರ್ ಅದನ್ನು ಎಳೆದು ಹೊರಗೆ ಹಾಕಿದ.

"ಇದೆಲ್ಲ ಬೇಡ ಅಮ್ಮ. ಹೊಸ ಮಾಡೆಲ್ ಇದು. ಸೀದಾ ಕಲ್ಲಿಗೆ ಬೋಲ್ಟು."

ಸೀದಾ ಕಲ್ಲಿಗೆ ಬೋಲ್ಟಾಯಿತು. ಸ್ನಾನದ ನೀರು ಜೋರಾಗಿ ಬರುವುದನ್ನು ನೋಡಿ ಎಲ್ಲರಿಗೂ ಖುಷಿ. ನನಗೂ.

ಶುಕ್ರವಾರ ಬೆಳಿಗ್ಗೆ ನಾನು ಕಟ್ಟೆಯ ಮೇಲೆ ನಿಂತು ಬೈದೆ. ಯಾರೂ ಏಳಲಿಲ್ಲ. ಅನ್ನ ನೀರಿನ ಮೇಲೆ ಹರಡಿ, ಒಂದೊಂದೇ ಅಗುಳಾಗಿ ಕೆಳಗೆ ಇಳಿಯಿತು. ಇನ್ನೂ ನಿದ್ದೆ ಇರಬೇಕು ಅಂದುಕೊಂಡೆ. ಸಂಜೆ ಮತ್ತೆ ಹೋದೆ. ಇಲ್ಲ. ಮರುದಿನವೂ ಇಲ್ಲ. ಮೇ ತಿಂಗಳಲ್ಲಿ ನೀರು ತಳಕ್ಕೆ ಹೋಗಿರುತ್ತದೆ, ಸೂರ್ಯ ನೆತ್ತಿಗೆ ಬಂದಾಗ ತಳದ ಕಲ್ಲು ಕೂಡ ಕಾಣುತ್ತದೆ. ಕಲ್ಲು ಕಂಡಿತು, ಮೀಸೆ ಕಾಣಲಿಲ್ಲ. ಸತ್ತಿದ್ದರೆ ತೇಲಬೇಕಿತ್ತು. ತೇಲಲೂ ಇಲ್ಲ.

ನಾನು ಬೆಲ್ಲ ಹಾಕಿ ನೋಡಿದೆ. ಒಣ ಸಿಗಡಿ ಹಾಕಿ ನೋಡಿದೆ. ನನಗೆ ಗೊತ್ತಿದ್ದ ಒಂದೇ ಒಂದು ಭಜನೆ ಹೇಳಿ ನೋಡಿದೆ. ಭಜನೆಗೆ ಆಚೆ ಬದಿಯ ನಾಯಿ ಮಾತ್ರ ಎದ್ದುಹೋಯಿತು.

ಆಗ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಣ್ಣು ಬಿತ್ತು. ಕಲ್ಲಿನ ಮೇಲಿಂದ ಕೆಳಗೆ ನೀಲಿ ಗೆರೆ. ಮೈಲುತುತ್ತಿನ ನೀಲಿ ನಮ್ಮ ಊರಿನಲ್ಲಿ ಯಾರಿಗೆ ಗೊತ್ತಿಲ್ಲ? ಮಳೆಗೆ ಮೊದಲು ಅಡಿಕೆಗೆ ಬಿಡುವ ಮದ್ದಿಗೆ ಸುಣ್ಣದ ಜೊತೆ ಕಲಸುವುದು ಅದನ್ನೇ. ಈ ಬಾವಿಯ ನೀರು ಎರಡು ಮನೆಗೆ. ಒಂದು ನಮ್ಮದು, ಇನ್ನೊಂದು ಪಕ್ಕದ ನನ್ನ ಮೈದುನನದು. ಅಡಿಕೆ, ರಬ್ಬರ್ ಇರುವುದು ಅವನಿಗೆ. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ ಅವನನ್ನು ಕರೆದೆ.

"ಏ ಮಾರಾಯ, ಬಾ ಇಲ್ಲಿ! ಇದೆಂಥದು ನೀಲಿ?"

ಅವನು ಹೆಗಲ ಬೈರಾಸಿನಲ್ಲಿ ಮುಖ ಒರೆಸುತ್ತಾ ಬಂದ. "ಎಂಥ ಅತ್ತಿಗೆ, ಪೊಲೀಸಿನವರ ಹಾಗೆ?"

"ಮೈಲುತುತ್ತು ಅಲ್ವಾ ಇದು?"

"ಹೌದು. ಮದ್ದು ಬಿಡ್ಲಿಕ್ಕೆ ಶುರು ಮಾಡಿದ್ದೇನಲ್ಲ. ಮದ್ದು ಸೋಸುವ ಬಟ್ಟೆ ಇಲ್ಲಿ ಹಿಂಡಿದ್ದು. ಅಷ್ಟೇ."

"ಅಷ್ಟೇ! ಬಾವಿಯ ಬುಡದಲ್ಲಿ ವಿಷ ಹಿಂಡಿ ಅಷ್ಟೇ ಅಂತಾನೆ ನೋಡಿ!"

"ಕಲ್ಲಿನ ನೀರು ಬಾಳೆಯ ಬುಡಕ್ಕೆ ಹೋಗ್ತದೆ, ಬಾವಿಗೆ ಅಲ್ಲ. ನಾನೂ ಇದೇ ನೀರು ಕುಡಿಯುವವ ಅಲ್ವಾ? ನನಗೆ ಎಂಥ ಆಗಿದೆ?"

"ನಿನಗೆ ಎಂಥ ಕುಡಿದ್ರೂ ಎಂಥ ಆಗುದಿಲ್ಲ. ನನ್ನ ಮೀಸೆಯವ ಹಾಗಲ್ಲ. ನಿನ್ನ ಅಣ್ಣ ತಂದು ಬಿಟ್ಟ ಮೀನು ಅದು!"

ಅಣ್ಣನ ಹೆಸರು ಬಂದ ಕೂಡಲೇ ಅವನ ಮುಖ ಸಣ್ಣದಾಯಿತು. ಬೈರಾಸು ಹೆಗಲಿಗೆ ಹಾಕಿ ಹೊರಟ. ಸಂಜೆ ಚಹಾಕ್ಕೆ ಬರಲಿಲ್ಲ. ದಿನಾ ಬರುವವನು.

ನನ್ನ ಗಲಾಟೆಗೆ ಸೊಸೆ ಮಗುವನ್ನು ಸೊಂಟದಲ್ಲಿ ಇಟ್ಟುಕೊಂಡು ಹೊರಗೆ ಬಂದಿದ್ದಳು. ಬಾವಿಯೊಳಗೆ ಬಗ್ಗಿ ತುಂಬಾ ಹೊತ್ತು ನೋಡಿದಳು. ನನ್ನ ಕ್ರಮಗಳನ್ನು ಅವಳು ಎಂದೂ ತಮಾಷೆ ಮಾಡಿದವಳಲ್ಲ. ಕಾಲೇಜಿನಲ್ಲಿ ನಾವು ನೀರು ಪರೀಕ್ಷೆ ಮಾಡುವಾಗಲೂ ಮೀನನ್ನೇ ನೋಡುವುದು, ಆದರೆ ಅದಕ್ಕೆ ಅನ್ನದ ಬದಲು ಮಾರ್ಕು ಕೊಡುತ್ತೇವೆ ಅಂತ ಒಮ್ಮೆ ಹೇಳಿದ್ದಳು.

"ಅತ್ತೆ, ಮೈಲುತುತ್ತು ಜಾಸ್ತಿ ಸೇರಿದ್ರೆ ಮೀನು ಹೀಗೆ ಅಡಗಿ ಕೂರುದಿಲ್ಲ. ಕಿವಿರಿನಲ್ಲಿ ಲೋಳೆ ತುಂಬಿ ಉಸಿರು ಕಟ್ತದೆ. ಮೇಲೆ ಬಂದು ಬಾಯಿ ಬಾಯಿ ಬಿಡ್ತದೆ."

"ಹಾಗಾದ್ರೆ ವಿಷ ಅಲ್ಲ ಅಂತಾಯ್ತಲ್ಲ!"

"ಹಾಗೆ ಹೇಳ್ಲಿಕ್ಕೂ ಆಗುದಿಲ್ಲ. ಸ್ವಲ್ಪ ಸೇರಿದ್ರೂ ಅದರ ಮೂಗು ಕೆಡ್ತದೆ. ನೀವು ಹಾಕಿದ ಅನ್ನ ಎಲ್ಲಿ ಉಂಟು ಅಂತ ಗೊತ್ತಾಗುದಿಲ್ಲ. ಎದುರಿಗೆ ಶತ್ರು ಬಂದ್ರೂ ಗೊತ್ತಾಗುದಿಲ್ಲ. ಸಾಯುದಿಲ್ಲ, ಆದರೆ ಮಂಕಾಗಿ ಒಂದು ಕಡೆ ಬಿದ್ದಿರ್ತದೆ."

ನನಗೆ ಶೀತವಾದಾಗ ಹೀಗೇ ಆಗುವುದು ನೆನಪಾಯಿತು. ಹಾಲು ಉಕ್ಕಿ ಒಲೆ ತುಂಬಿದರೂ ವಾಸನೆ ತಿಳಿಯದೆ ಕೂತಿರುತ್ತೇನೆ. ಪಾಪ, ಅವನು ಕತ್ತಲಲ್ಲಿ ಹಾಗೆ ಕೂತಿದ್ದಾನಾ?

"ನೀರು ಕುದಿಸಿ ಕುಡಿಯುವ ಹಾಗಾದ್ರೆ," ಅಂದೆ.

"ಕುದಿಸಿದ್ರೆ ರೋಗದ ಹುಳ ಸಾಯ್ತದೆ ಅತ್ತೆ. ಮೈಲುತುತ್ತಿನಲ್ಲಿರುವ ತಾಮ್ರ ಸಾಯುದಿಲ್ಲ. ಇನ್ನೂ ಗಟ್ಟಿ ಆಗ್ತದೆ."

ಅವತ್ತಿನಿಂದ ಮನೆಗೆ ಪಂಚಾಯತಿನ ನಳ್ಳಿಯ ನೀರು. ಬಾವಿಯ ನೀರು ಬಟ್ಟೆಗೆ, ಪಾತ್ರೆಗೆ ಮಾತ್ರ. ಸೊಸೆ ಬಾವಿಯ ನೀರನ್ನು ತೊಳೆದ ಬಾಟಲಿಗಳಲ್ಲಿ ತುಂಬಿಸಿ, ಕಾಲೇಜಿನ ರಸಾಯನಶಾಸ್ತ್ರದ ಗೆಳತಿಗೆ ಕೊಡಲು ಮಗನನ್ನು ಮಿಜಾರಿಗೆ ಓಡಿಸಿದಳು. ಅವನು ಬಿಸಿಲಿನಲ್ಲಿ ಹೋಗಿ ಬಂದು ಫ್ಯಾನಿನ ಅಡಿಯಲ್ಲಿ ಕೂತು ತೀರ್ಪು ಕೊಟ್ಟ.

"ಅಮ್ಮಾ, ಸಾಕು ಇದು. ಬಾವಿಗೆ ಸ್ಲ್ಯಾಬ್ ಹಾಕಿ ಮುಚ್ಚುವ. ಬೋರ್‌ವೆಲ್ ತೆಗೆಸುವ. ಮೇಲೆ ಕಾರು ನಿಲ್ಲಿಸ್ಲಿಕ್ಕೂ ಜಾಗ ಆಗ್ತದೆ."

"ನಿನ್ನ ಅಪ್ಪ ತಂದ ಮೀನಿನ ತಲೆಯ ಮೇಲೆ ಕಾರು ನಿಲ್ಲಿಸ್ತೀಯಾ?"

"ಮೀನು ಇದ್ರೆ ಅಲ್ವಾ ಅಮ್ಮ?"

ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೂ ಅವನಿಗೆಂದು ತಂದ ಮಜ್ಜಿಗೆಯನ್ನು ನಾನೇ ಕುಡಿದು ಮುಗಿಸಿದೆ. ಸೊಸೆ ಮಗುವಿನ ಬೆನ್ನು ತಟ್ಟುತ್ತಾ ಮೆಲ್ಲಗೆ ಹೇಳಿದಳು. "ಅತ್ತೆ, ಬೇಜಾರು ಮಾಡ್ಬೇಡಿ. ನೀರು ಸರಿ ಉಂಟು ಅಂತ ಗೊತ್ತಾಗದೆ ನಾನು ಮಗುವಿಗೆ ಅನ್ನ ಬೇಯಿಸುದಿಲ್ಲ. ಬುಧವಾರದ ಒಳಗೆ ಗೊತ್ತಾಗದಿದ್ರೆ ಮೂಡಬಿದ್ರೆಯಲ್ಲಿ ಅಮ್ಮನ ಮನೆಯಲ್ಲಿ ಉಣಿಸುವ."

ತಾಯಿ ಹೇಳುವ ಮಾತೇ ಅದು. ನಾನು ಅವಳಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಇನ್ನೂ ಜೋರಾಗಿ. ಆದರೆ ಆ ಮಗು ನಮ್ಮ ಬಾವಿಯ ನೀರಿನ ಅನ್ನ ಉಣ್ಣದೆ ಹೋದರೆ, ಅದರ ಹಿಂದೆಯೇ ಸ್ಲ್ಯಾಬ್ ಬರುತ್ತದೆ ಅಂತ ನನಗೆ ಗೊತ್ತಿತ್ತು. ಈ ಮನೆಗೆ ಬಂದಾಗಿನಿಂದ ನಾನು ಬೇರೆ ನೀರು ಕುಡಿದವಳಲ್ಲ. ನೆಂಟರ ಮನೆಗೆ ಹೋದರೂ ಬಾಟಲಿಯಲ್ಲಿ ಇದೇ ನೀರು. ನಳ್ಳಿಯ ನೀರು ಕುಡಿದರೆ ಬ್ಲೀಚಿಂಗ್ ಪೌಡರಿನ ಡಬ್ಬಿ ನೆಕ್ಕಿದ ಹಾಗಾಗುತ್ತಿತ್ತು.

ಸೊಸೆಗೆ ಇನ್ನೊಂದು ಸಂಶಯವಿತ್ತು. ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮ ಕಡೆಗೂ ಬಂದಿತ್ತು. ಬಂಡೆ ಒಡೆಯುವ ಬ್ರೇಕರ್ ಬೆಳಿಗ್ಗೆ ಶುರು ಮಾಡಿದರೆ ಟಕ ಟಕ ಟಕ ಅಂತ ಸಂಜೆಯವರೆಗೆ. ಕಪಾಟಿನ ಗ್ಲಾಸುಗಳು ಒಂದಕ್ಕೊಂದು ಮಾತಾಡುತ್ತಿದ್ದವು.

"ಶಬ್ದಕ್ಕೆ ಹೆದರಿದ್ದೂ ಇರಬಹುದು ಅತ್ತೆ."

"ಮೀನಿಗೆ ಕಿವಿ ಎಲ್ಲಿ ಉಂಟು ಮಾರಾಯ್ತಿ?"

"ಹೊರಗೆ ಇಲ್ಲ, ತಲೆಯ ಒಳಗೆ ಉಂಟು. ಮುಗುಡಿಗಂತೂ ಹೊಟ್ಟೆಯ ಒಳಗೆ ಗಾಳಿಯ ಚೀಲ ಉಂಟಲ್ಲ, ಅದು ಡೋಲಿನ ಹಾಗೆ ಶಬ್ದ ಹಿಡಿತದೆ. ಅಲ್ಲಿಂದ ಸಣ್ಣ ಸಣ್ಣ ಎಲುಬು ಕಿವಿಗೆ ಸುದ್ದಿ ಮುಟ್ಟಿಸ್ತದೆ. ಬೇರೆ ಎಷ್ಟೋ ಮೀನಿಗಿಂತ ಇದಕ್ಕೆ ಚೆನ್ನಾಗಿ ಕೇಳ್ತದೆ. ಶಬ್ದ ಜಾಸ್ತಿಯಾದ್ರೆ ತಿನ್ನುದು ಬಿಡ್ತದೆ, ಕಲ್ಲಿನ ಸಂದಿಗೆ ಹೋಗಿ ಕೂರ್ತದೆ. ತುಂಬಾ ದಿನ ಹಾಗೇ ಆದ್ರೆ ಸೋತು ಸೋತು ರೋಗ ಬರ್ತದೆ."

ಅಂದರೆ ಇಷ್ಟು ವರ್ಷ ನಾನು ಬೈದದ್ದೆಲ್ಲ ಅವನಿಗೆ ಕೇಳಿಸುತ್ತಿತ್ತು! ನನಗೆ ಸ್ವಲ್ಪ ನಾಚಿಕೆ, ಸ್ವಲ್ಪ ಹೆಮ್ಮೆ.

ಬ್ರೇಕರಿನವರು ಊಟಕ್ಕೆ ನಿಲ್ಲಿಸಿದ ಕೂಡಲೇ ನಾನು ಅನ್ನ ಹಿಡಿದು ಬಾವಿಗೆ ಓಡುತ್ತಿದ್ದೆ. ಅವರು ಉಣ್ಣುವಾಗ ನಮ್ಮವನೂ ಉಣ್ಣಲಿ ಅಂತ. ರಸ್ತೆ ಸುಮ್ಮನಾಗುತ್ತಿತ್ತು, ಬಾವಿಯೊಳಗೆ ಹೊಸ ಪಂಪು ಮಾತ್ರ ಗುಂಯ್ ಅನ್ನುತ್ತಿತ್ತು. ಮೀನು ಬರಲಿಲ್ಲ. ಸೋಮವಾರ ಸಂಜೆ ಸೊಸೆ ಮೂಡಬಿದ್ರೆಗೆ ಫೋನು ಮಾಡಿ, ಬೇಕಾದರೆ ಬುಧವಾರಕ್ಕೆ ತಯಾರಿ ಇರಲಿ ಅಂತ ಅವಳ ಅಮ್ಮನಿಗೆ ಹೇಳುವುದು ಕೇಳಿಸಿತು. ನಾನು ಕೇಳಿಸದವಳ ಹಾಗೆ ಬೀನ್ಸು ಹೆಚ್ಚಿದೆ.

ಮಂಗಳವಾರ ಬೆಳಿಗ್ಗೆಯೇ ಕರೆಂಟು ಹೋಯಿತು. ಮಳೆಗಾಲಕ್ಕೆ ಮೊದಲು ಲೈನಿಗೆ ತಾಗುವ ಗೆಲ್ಲು ಕಡಿಯುವುದು ಉಂಟಲ್ಲ, ಅದಕ್ಕೆ ಸಂಜೆಯವರೆಗೆ ಕರೆಂಟಿಲ್ಲವೆಂದು ಮೊದಲೇ ಹೇಳಿದ್ದರು. ಮನೆಯಲ್ಲಿ ಹಾಹಾಕಾರ. ಮಗು ಸೆಕೆಗೆ ಕಿರಿಕಿರಿ ಮಾಡಿತು. ಮೆಷಿನ್ನಿನೊಳಗೆ ಒದ್ದೆ ಬಟ್ಟೆ ಸಿಕ್ಕಿಹಾಕಿಕೊಂಡಿತು. ಮಿಕ್ಸಿ ಇಲ್ಲ, ಫ್ಯಾನ್ ಇಲ್ಲ, ಮಗನ ಫೋನಿಗೆ ಜೀವ ಇಲ್ಲ. ಅವನು ಯಾರನ್ನೋ ಬೈಯುತ್ತಾ ಬಂಟ್ವಾಳದ ಬಸ್ಸು ಹಿಡಿದ. ನಾನು ನಿನ್ನೆಯ ಅನ್ನದ ತಟ್ಟೆ ಹಿಡಿದು ಬಾವಿಕಟ್ಟೆಗೆ ಹೋಗಿ ಕೂತೆ. ಸೆಕೆಗೆ ಅಲ್ಲಿ ಸ್ವಲ್ಪ ತಂಪು, ಅಷ್ಟೇ. ಆಸೆ ಇರಲಿಲ್ಲ.

ಬ್ರೇಕರ್ ದೂರದಲ್ಲಿ ತನ್ನ ಪಾಡಿಗೆ ಟಕ ಟಕ ಅನ್ನುತ್ತಿತ್ತು. ಅದಕ್ಕೆ ಡೀಸೆಲ್ ಸಾಕಲ್ಲ. ನಾನು ಕಟ್ಟೆಗೆ ಒರಗಿ, ಬೈಯಲೂ ಮನಸ್ಸಿಲ್ಲದೆ, ಸುಮ್ಮನೆ ನೀರು ನೋಡುತ್ತಿದ್ದೆ. ಎಷ್ಟು ಹೊತ್ತು ಕೂತೆನೋ, ನೆರಳು ಜರುಗಿತು.

ತಳದ ಕಲ್ಲಿನ ಸಂದಿಯಿಂದ ಒಂದು ದಾರ ಹೊರಗೆ ಬಂತು. ಇನ್ನೊಂದು ದಾರ. ಮೀಸೆ!

ಅವನು ಹೊರಗೆ ಬಂದು ಸ್ವಲ್ಪ ನಿಂತ, ಮತ್ತೆ ಒಳಗೆ ಹೋದ, ಮತ್ತೆ ಬಂದ. ನಾನು ನಾಲ್ಕು ಅಗುಳು ಜಾರಿಸಿದೆ. ಅನ್ನ ಇಳಿಯುತ್ತಿದ್ದ ಹಾಗೆ ಅವನ ಮೀಸೆ ಅತ್ತ ತಿರುಗಿತು. ಮೂಗು ಕೆಟ್ಟಿಲ್ಲ! ಸೀದಾ ಮೇಲೆ ಬಂದ. ಗುಳಕ್.

"ಬಾರೇ! ಮಗುವನ್ನು ಎತ್ತಿಕೊಂಡು ಬಾರೇ!" ಅಂತ ನಾನು ಕಿರುಚಿದೆ. ನನಗೆ ಏನೋ ಆಯಿತು ಅಂತ ಸೊಸೆ ಮಗುವನ್ನು ಎತ್ತಿಕೊಂಡು ಅರ್ಧ ಜಡೆಯಲ್ಲಿ ಓಡಿ ಬಂದಳು. ಆಮೇಲೆ ಅವಳೂ ಬಗ್ಗಿದಳು, ಮಗುವೂ ಬಗ್ಗಿತು. ಅವನು ಮೂವರ ಎದುರಿಗೆ ತಟ್ಟೆ ಖಾಲಿ ಮಾಡಿದ. ಹೊಟ್ಟೆಬಾಕ.

ಸೊಸೆ ರಸ್ತೆಯ ಕಡೆ ಕಿವಿ ಕೊಟ್ಟಳು. "ಅತ್ತೆ, ಬ್ರೇಕರ್ ನಿಂತಿಲ್ಲ."

"ಇಲ್ಲ."

"ಹಾಗಾದ್ರೆ ಇವತ್ತು ನಿಂತದ್ದು ಎಂಥ?"

ಇಬ್ಬರೂ ಒಟ್ಟಿಗೆ ಬಾವಿಯೊಳಗಿನ ಮೆಟ್ಟಿಲನ್ನು ನೋಡಿದೆವು. ಹೊಸ ಪಂಪು ಬಾಯಿ ಮುಚ್ಚಿ ಕೂತಿತ್ತು.

ಸಂಜೆ ಕರೆಂಟು ಬರುವವರೆಗೆ ನಾವು ಕಟ್ಟೆ ಬಿಟ್ಟು ಏಳಲಿಲ್ಲ. ಮನೆಯೊಳಗೆ ಲೈಟು ಹತ್ತಿತು. ಪಂಪು ತಾನಾಗಿಯೇ ಗುಂಯ್ ಅಂದಿತು. ಮೀಸೆಯವ ಬಾಣದ ಹಾಗೆ ಕಲ್ಲಿನ ಸಂದಿಗೆ ನುಗ್ಗಿದ.

"ಕೈ ಇಡಿ ಅತ್ತೆ ಇಲ್ಲಿ," ಅಂದಳು ಸೊಸೆ. ಬಾವಿಯ ಗೋಡೆಯ ಮೇಲೆ ಅಂಗೈ ಇಟ್ಟೆ. ಮುರಕಲ್ಲು ಚಳಿಜ್ವರ ಬಂದವರ ಹಾಗೆ ನಡುಗುತ್ತಿತ್ತು. ಪಂಪಿನಿಂದ ಇಳಿದ ಕಬ್ಬಿಣದ ಪೈಪು ಗೋಡೆಗೆ ತಾಗಿ ಕಟಕಟ ಅನ್ನುತ್ತಿತ್ತು. ಮೇಲಿರುವ ನಮಗೆ ಅದು ಬರೀ ಗುಂಯ್. ನೀರಿನೊಳಗೆ ಶಬ್ದ ಗಾಳಿಗಿಂತ ಎಷ್ಟೋ ಜೋರಾಗಿ ಓಡುತ್ತದಂತೆ. ನೀವು ಒಂದು ಸಲ ಸ್ನಾನದ ಹಂಡೆಯೊಳಗೆ ತಲೆ ಇಟ್ಟು, ಹೊರಗಿನಿಂದ ಸೌಟಿನಲ್ಲಿ ಬಡಿಯಲು ಹೇಳಿ ನೋಡಿ. ಪಾಪದವನು ಇಷ್ಟು ದಿನ ಆ ಹಂಡೆಯೊಳಗೆ ಇದ್ದ. ನಮ್ಮವರು ಹಾಕಿದ್ದ ಹಲಗೆ ಆ ನಡುಕವನ್ನೆಲ್ಲ ನುಂಗುತ್ತಿತ್ತು ಅಂತ ನಮಗೆ ಯಾರಿಗೂ ಹೊಳೆದಿರಲಿಲ್ಲ.

ಸೊಸೆ ಓಡಿ ಹೋಗಿ ಸ್ವಿಚ್ಚು ಆರಿಸಿದಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಮಿಜಾರಿನ ಗೆಳತಿ. ನಾನು ಅವಳ ಮುಖವನ್ನೇ ನೋಡುತ್ತಾ ನಿಂತೆ. "ಹೌದಾ? ಸರಿಯಾಗಿ ನೋಡಿದ್ದೀರಲ್ಲ? ಎರಡೂ ಬಾಟಲಿ?" ಅಂತ ಕೇ‍ಳಿದವಳು, ಫೋನು ಇಟ್ಟು ನನ್ನ ಎರಡೂ ಕೈ ಹಿಡಿದಳು.

"ತಾಮ್ರ ಎಷ್ಟೂ ಹೆಚ್ಚಿಲ್ಲ ಅತ್ತೆ. ನೀರು ಒಳ್ಳೆದುಂಟು. ನಾಳೆ ಇಲ್ಲಿಯೇ ಅನ್ನ."

ನಾನು ಹಗ್ಗಕ್ಕೆ ಕೊಡಪಾನ ಕಟ್ಟಿ ನೀರು ಎಳೆದೆ. ಚೊಂಬಿಗೆ ಬಗ್ಗಿಸಿ ನಿಂತಲ್ಲೇ ಗಟಗಟ ಕುಡಿದೆ. ಅರ್ಧ ಹೊಟ್ಟೆಗೆ, ಅರ್ಧ ಸೆರಗಿಗೆ. ಅಷ್ಟು ಸಿಹಿ ನೀರು ನಾನು ಕುಡಿದಿಲ್ಲ. ಎದೆಯ ಮೇಲೆ ಇಟ್ಟಿದ್ದ ಅರೆಯುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಮಗು ಚೊಂಬಿಗೆ ಕೈ ಚಾಚಿತು. "ನಿನಗೆ ನಾಳೆ, ನಿನ್ನ ಸರದಿಗೆ ಕಾಯಿ," ಅಂದೆ.

ಆದರೆ ಪಂಪು ಇಲ್ಲದೆ ಎಷ್ಟು ದಿನ ನಡೆಯುತ್ತದೆ? ಹಳೆಯ ಹಲಗೆಯನ್ನು ಫಿಟ್ಟರ್ ಎಳೆದಾಗಲೇ ಅದು ಎರಡು ತುಂಡಾಗಿತ್ತು. ಪಂಪಿಗೂ ಕಲ್ಲಿಗೂ ನಡುವೆ ದಪ್ಪನೆಯ, ಮೆತ್ತಗಿನದ್ದು ಏನಾದರೂ ಬೇಕು ಅಂದಳು ಸೊಸೆ. "ರಬ್ಬರ್ ಇದ್ದಿದ್ರೆ ಒಳ್ಳೆದಿತ್ತು."

ರಬ್ಬರ್ ಯಾರ ಮನೆಯಲ್ಲಿ ಉಂಟು ಅಂತ ಇಬ್ಬರಿಗೂ ಗೊತ್ತಿತ್ತು. ಸೊಸೆ ನನ್ನನ್ನು ನೋಡಿದಳು. ನಾನು ಆಕಾಶ ನೋಡಿದೆ.

"ಚಿಕ್ಕ ಮಾವನ ಹತ್ತಿರ ನಾನು ಕೇಳ್ಲಾ ಅತ್ತೆ?"

"ಬೇಡ. ಬೈದದ್ದು ನಾನು, ಕೇಳುದೂ ನಾನೇ."

ಗೋಳಿಬಜೆ ಕರಿದು, ಬಿಸಿಬಿಸಿ ತಟ್ಟೆ ಹಿಡಿದು ಪಕ್ಕದ ಮನೆಗೆ ಹೋದೆ. ಮೈದುನ ಜಗಲಿಯಲ್ಲಿ ಕೂತು ಮದ್ದಿನ ಪೈಪು ಸುತ್ತುತ್ತಿದ್ದ. ನನ್ನನ್ನು ನೋಡಿದ, ತಟ್ಟೆಯನ್ನು ನೋಡಿದ.

"ಯಾರಿಗೆ ಇದು? ಮೀನಿಗಾ, ನನಗಾ?"

"ಮೀನು ತಿಂದು ಉಳಿದದ್ದು. ಬೇಕಾದ್ರೆ ತಿನ್ನು."

ಅವನ ಕೈಯಿಂದ ಪೈಪು ಜಾರಿತು. "ತಿಂತಾ? ಹೌದಾ ಅತ್ತಿಗೆ? ಮೇಲೆ ಬಂತಾ?" ಆ ಮುಖ ನೋಡಿ ನನಗೆ ಗೊತ್ತಾಯಿತು, ಇಷ್ಟು ದಿನ ಇವನೂ ಸರಿಯಾಗಿ ಉಂಡಿಲ್ಲ. ಅಣ್ಣನ ಮೀನು ಅವನಿಗೂ ಅಣ್ಣನ ಮೀನೇ. ನಾನು ಪಂಪಿನ ಕತೆ ಹೇಳಿದೆ. ಅವನು ಗೋಳಿಬಜೆ ಬಾಯಿಯಲ್ಲಿ ಇಟ್ಟುಕೊಂಡೇ ಶೀಟು ಒಣಗಿಸುವ ಹೊಗೆಗೂಡಿಗೆ ಓಡಿ, ಹೊಗೆಯ ವಾಸನೆಯ ರಬ್ಬರ್ ಶೀಟುಗಳನ್ನು ಹೊತ್ತು ತಂದ. ಬೆಳಕು ಇರುವಾಗಲೇ ಬಾವಿಯ ಮೆಟ್ಟಿಲಿಗೆ ಇಳಿದು ಬೋಲ್ಟು ಬಿಚ್ಚಿದ. ಶೀಟು ಮಡಚಿ ಪಂಪಿನ ಅಡಿಗೆ ಹಾಕಿದ. ಪೈಪಿಗೂ ಸುತ್ತಿ ಕಟ್ಟಿದ, ಪೆಟ್ಟಾದ ಕಾಲಿಗೆ ಬಟ್ಟೆ ಸುತ್ತುವ ಹಾಗೆ. ಆಫೀಸಿನಿಂದ ಬಂದ ಮಗ ಮೇಲಿನಿಂದ ಸ್ಪ್ಯಾನರ್ ಕೊಡುತ್ತಾ ನಿಂತ. ಸ್ಲ್ಯಾಬಿನ ಸುದ್ದಿ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಮೇಲೆ ಬಂದ ಮೈದುನನಿಗೆ ಸೊಸೆ ನಿಧಾನವಾಗಿ ಹೇಳಿದಳು. "ಚಿಕ್ಕ ಮಾವ, ಈ ಸಲ ಎಂಥ ಆಗ್ಲಿಲ್ಲ. ಆದ್ರೂ ಮೈಲುತುತ್ತಿನ ಬಟ್ಟೆ ಬಾವಿಯ ಹತ್ತಿರ ಹಿಂಡುದು ಬೇಡ. ಮಳೆ ಬಂದ್ರೆ ಕಲ್ಲಿನ ನೀರು ಎಲ್ಲಿಗೂ ಹೋದೀತು."

"ಇಲ್ಲ ಮಗಳೇ, ಇನ್ನು ಈ ಕಲ್ಲಿನ ಹತ್ತಿರ ತರುದಿಲ್ಲ," ಅಂದ. ಆ ಕಲ್ಲನ್ನು ಆಗಲೇ ಅವನು ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದು, ಆ ನೀರನ್ನು ಬಕೆಟಿನಲ್ಲಿ ಹಿಡಿದು ದೂರ ಕೊಂಡು ಹೋಗಿದ್ದ ಅಂತ ನನಗೆ ಆಮೇಲೆ ಗೊತ್ತಾದದ್ದು.

ಬುಧವಾರ ಬೆಳಿಗ್ಗೆ ಬಾವಿಯ ನೀರಿನಲ್ಲಿ ಅನ್ನ ಬೆಂದಿತು. ಮೂಡಬಿದ್ರೆಯ ಬೀಗರೂ ಬಂದರು. ಪಂಪು ಓಡುತ್ತಲೇ ಇತ್ತು, ಬೇಕೆಂದೇ ಹಾಕಿಸಿದ್ದು. ಗೋಡೆಯ ಮೇಲೆ ಕೈ ಇಟ್ಟರೆ ನಿದ್ದೆ ಮಾಡುವ ಬೆಕ್ಕಿನ ಬೆನ್ನಿನಷ್ಟು ಮಾತ್ರ ಮಿಡಿತ. ಸೊಸೆ ಮಗುವಿನ ಮುಷ್ಟಿಯೊಳಗೆ ಅನ್ನ ಇಟ್ಟು, ಕೈ ಹಿಡಿದು ಬಾವಿಗೆ ಹಾಕಿಸಿದಳು. ಎಲ್ಲರೂ ಬಗ್ಗಿದೆವು. ಅನ್ನ ಇಳಿಯಿತು. ಇಳಿಯುತ್ತಲೇ ಇತ್ತು. ಆಗ ಸಂದಿಯಿಂದ ಮೀಸೆ ಹೊರಟಿತು. ಅವನು ಒಂದು ಸುತ್ತು ಹಾಕಿದ, ನನ್ನ ಮದುವೆಯ ದಿನದ ಮೀನಿನ ಜಂಬ ಇವನಿಗೂ ಬಂದಿತ್ತೋ ಏನೋ. ಗುಳಕ್.

ಆಮೇಲೆ ಮಗುವಿಗೆ ತುತ್ತು ಕೊಟ್ಟರು. ಅದು ಮುಖ ಹುಳ್ಳಗೆ ಮಾಡಿ, ಯೋಚಿಸಿ, ನನ್ನ ಹೊಸ ಸೀರೆಯ ಮೇಲೆ ಉಗುಳಿತು. ಎರಡನೆಯದನ್ನು ನುಂಗಿತು. ನನಗೆ ಅಷ್ಟು ಸಾಕಿತ್ತು.

ಖುಷಿಯಲ್ಲಿ ನಾನು ಕಟ್ಟೆಯ ಪಕ್ಕ ನಿಂತು, ಸೇರಿದ ನೆಂಟರಿಗೆಲ್ಲ ಕೇಳುವ ಹಾಗೆ ದೊಡ್ಡ ಸ್ವರದಲ್ಲಿ ಸಾರಿದೆ. "ನೋಡಿ, ಇನ್ನು ಮೇಲೆ ಈ ಬಾವಿಯ ಹತ್ತಿರ ಯಾರೂ ಶಬ್ದ ಮಾಡ್ಬಾರ್ದು! ಮೀನಿಗೆ ಎಲ್ಲ ಕೇಳ್ತದೆ! ಗೊತ್ತಾಯ್ತಾ ಎಲ್ಲರಿಗೂ?"

ಪಾಯಸದ ಲೋಟ ಹಿಡಿದು ನಿಂತಿದ್ದ ಮೈದುನ ಅಲ್ಲಿಂದಲೇ ಹೇಳಿದ.

"ರಬ್ಬರ್ ಶೀಟಿನ ಒಂದು ತುಂಡು ಉಳಿದುಂಟು ಅತ್ತಿಗೆ. ನಿಮ್ಮ ಬಾಯಿಯ ಅಳತೆ ಕೊಡಿ, ಈಗಲೇ ಕತ್ತರಿಸಿ ತರ್ತೇನೆ."